ಹೋಟೆಲ್ ಮನೆಯ ಮಕ್ಕಳು



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ - ಈ ಮೂರು ಊರುಗಳಲ್ಲಿ ಯಾವುದಾದರೊಂದರ ಪೇಟೆಯಲ್ಲಿ ಒಮ್ಮೆ ಹೋಟೆಲುಗಳ ಫಲಕಗಳನ್ನು ಓದುತ್ತಾ ನಡೆಯಿರಿ. ಲಿಂಗಾಯತ ಖಾನಾವಳಿ ಕಾಣುತ್ತದೆ, ಮಿರ್ಚಿ-ಮಂಡಕ್ಕಿಯ ಅಂಗಡಿ ಕಾಣುತ್ತದೆ. ಅವುಗಳ ನಡುವೆ ಕೃಷ್ಣ, ಮೂಕಾಂಬಿಕೆ, ದುರ್ಗಾಪರಮೇಶ್ವರಿ, ಅನ್ನಪೂರ್ಣೆ ಎಂಬ ದೇವರ ಹೆಸರು ಹೊತ್ತು, ಪಕ್ಕದಲ್ಲಿ 'ಉಡುಪಿ' ಎಂದು ಬರೆಸಿಕೊಂಡ ಹೋಟೆಲುಗಳೂ ಕಾಣುತ್ತವೆ. ಉಡುಪಿ ಅರಬ್ಬೀ ಸಮುದ್ರದ ದಂಡೆಯ ಊರು. ವರದಾ, ತುಂಗಭದ್ರಾ ನದಿಗಳ ಬಯಲಿನ ಪೇಟೆಗೆ ಅದರ ಹೆಸರು ಹೇಗೆ ಬಂತು? ಹೆಸರಿನ ಜೊತೆಗೆ ಬಂದ ಕುಟುಂಬಗಳು ಯಾವುವು? ಆ ಕುಟುಂಬಗಳ ಮಕ್ಕಳು ಇಲ್ಲಿ ಹೇಗೆ ಬೆಳೆದರು? ಇಂದು ಇದನ್ನು ಕುರಿತು ಮಾತನಾಡೋಣ.

ವಲಸೆ ಎಂದೊಡನೆ ನಮಗೆ ಹಡಗು, ವಿಮಾನ, ಪರದೇಶ ನೆನಪಾಗುತ್ತವೆ. ಆದರೆ ಕುಂದಾಪುರದಿಂದ ರಾಣೆಬೆನ್ನೂರಿಗೆ ಬಂದದ್ದೂ ಒಂದು ಕಾಲದಲ್ಲಿ ದೊಡ್ಡ ವಲಸೆಯೇ ಆಗಿತ್ತು. 1947ಕ್ಕೆ ಮುಂಚಿನ ಭೂಪಟವನ್ನು ತೆರೆದು ನೋಡಿ. ಉಡುಪಿ, ಕುಂದಾಪುರ, ಕಾರ್ಕಳಗಳು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿದ್ದವು. ನಡುವಿನ ಶಿವಮೊಗ್ಗ ಮೈಸೂರು ಅರಸರದು. ಕರಾವಳಿಯ ಹುಡುಗನೊಬ್ಬ ಬಾಳೆಬರೆ ಘಾಟಿಯನ್ನೋ ಆಗುಂಬೆ ಘಾಟಿಯನ್ನೋ ಹತ್ತಿ, ಶಿವಮೊಗ್ಗದ ಮೇಲಿನಿಂದ ರಾಣೆಬೆನ್ನೂರು ಸೇರುವ ಹೊತ್ತಿಗೆ ಮೂರು ಸರಕಾರಗಳ ನೆಲವನ್ನು ತುಳಿದಿರುತ್ತಿದ್ದ. 1956ರ ನವೆಂಬರ್ 1ರಂದು ಇವೆಲ್ಲ ಒಂದೇ ರಾಜ್ಯವಾದವು. 1997ರ ಆಗಸ್ಟ್ ತಿಂಗಳಲ್ಲಿ ಹಾವೇರಿ ಮತ್ತು ಉಡುಪಿ ಎರಡೂ ಪ್ರತ್ಯೇಕ ಜಿಲ್ಲೆಗಳಾದವು. ಕಾಗದದ ಮೇಲಿನ ಗಡಿಗಳು ಅಳಿದರೂ ಕರಾವಳಿಯ ಮನೆಗಳಲ್ಲಿ ಹಿರಿಯರು ಇಂದಿಗೂ 'ಮಗ ಘಟ್ಟದ ಮೇಲಿದ್ದಾನೆ' ಎಂದೇ ಹೇಳುತ್ತಾರೆ.

ಅವರು ಊರು ಬಿಟ್ಟದ್ದೇಕೆ? ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಹಸಿರಿಗೆ ಕೊರತೆಯಿಲ್ಲ. ಆದರೆ ಗದ್ದೆಗಳು ಚಿಕ್ಕವು, ಮನೆಗಳಲ್ಲಿ ಮಕ್ಕಳು ಹೆಚ್ಚು. 1923ರ ದೊಡ್ಡ ನೆರೆ ಅನೇಕರ ಮನೆಮಾರುಗಳನ್ನು ಕೊಚ್ಚಿಕೊಂಡು ಹೋಯಿತು. ಮುಂದೆ 1974ರ ಭೂಸುಧಾರಣೆಯಿಂದ ಉಳುವ ಗೇಣಿದಾರನಿಗೆ ಭೂಮಿ ದಕ್ಕಿತು. ಅದು ನ್ಯಾಯವೇ. ಆದರೆ ಗೇಣಿಯ ಅಕ್ಕಿಯನ್ನೇ ನಂಬಿ ಬದುಕಿದ್ದ ಸಣ್ಣ ಒಡೆಯರ ಮನೆಗಳು ಬೇರೆ ದಾರಿ ಹುಡುಕಬೇಕಾಯಿತು. ಅವರ ಕೈಯಲ್ಲಿದ್ದ ಬಂಡವಾಳವೆಂದರೆ ಅಡುಗೆ. ಮಠ, ದೇವಸ್ಥಾನಗಳಲ್ಲಿ ನೂರಾರು ಮಂದಿಗೆ ಒಮ್ಮೆಗೇ ಅಡುಗೆ ಮಾಡಿ ಬಡಿಸಿದ ಅನುಭವವಿತ್ತು. ಅದನ್ನು ಹೊತ್ತುಕೊಂಡು ಅವರು ಮುಂಬಯಿಗೆ, ಮದರಾಸಿಗೆ, ಬೆಂಗಳೂರಿಗೆ, ರೈಲು ನಿಲ್ಲುವ ಬಯಲುಸೀಮೆಯ ಪೇಟೆಗಳಿಗೆ ಹೋದರು. ಮೊದಲು ಶಿವಳ್ಳಿ, ಕೋಟ ಮುಂತಾದ ಬ್ರಾಹ್ಮಣ ಕುಟುಂಬಗಳು. ಬರಬರುತ್ತಾ ಬಂಟರು ಮತ್ತು ಇತರರು.

ದೊಡ್ಡ ನಗರಗಳಲ್ಲಿ ಹೆಸರು ಮಾಡಿದವರ ಕತೆಗಳನ್ನು ನೀವು ಕೇಳಿರಬಹುದು. ಕೋಟದ ಬಳಿಯ ಪಾರಂಪಳ್ಳಿಯ ಮಯ್ಯ ಸಹೋದರರು 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಕಾಫಿ ಕ್ಲಬ್ಬು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಕಡಂದಲೆಯ ಕೃಷ್ಣರಾಯರು ಮದರಾಸಿನಲ್ಲಿ ಅಡುಗೆಮನೆಯ ಕೆಲಸದಿಂದ ಆರಂಭಿಸಿ 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ಸ್ಥಾಪಿಸಿದರು. ಆದರೆ ನಾವಿಂದು ಮಾತನಾಡುತ್ತಿರುವುದು ಹತ್ತು ಮೇಜುಗಳ ಸಣ್ಣ ಹೋಟೆಲನ್ನು ಕುರಿತು. ಹಿಂದೆ ಅಡುಗೆಮನೆ, ಮೇಲೆ ಅಟ್ಟ ಅಥವಾ ಹಿತ್ತಲಿನಲ್ಲಿ ಎರಡು ಕೋಣೆ. ಅಲ್ಲಿಯೇ ಸಂಸಾರ.

ಅಂಥ ಮನೆಯ ಒಂದು ಮಗುವಿನ ದಿನವನ್ನು ಕಲ್ಪಿಸಿಕೊಳ್ಳಿ. ನಿಮ್ಮ ಮನೆಯಲ್ಲಿ ಬೆಳಗಾಗುವುದಕ್ಕೆ ಎರಡು ಗಂಟೆ ಮೊದಲೇ ಅಲ್ಲಿ ಬೆಳಗಾಗುತ್ತದೆ. ಒಲೆಗೆ ಬೆಂಕಿ ಬೀಳುತ್ತದೆ, ಇಡ್ಲಿಯ ಅಟ್ಟೆ ಏರುತ್ತದೆ, ಮೊದಲ ಬಸ್ಸಿನ ಕಂಡಕ್ಟರು ಬಂದು ಕೂರುತ್ತಾನೆ. ತಂದೆ ಗಲ್ಲಾದಲ್ಲಿ, ತಾಯಿ ಒಳಗೆ ತರಕಾರಿಯ ರಾಶಿಯ ಮುಂದೆ. ಮಗು ಓದುವುದು ಗಿರಾಕಿ ಇಲ್ಲದ ಮೂಲೆಯ ಮೇಜಿನಲ್ಲಿ. ಗಿರಾಕಿ ಬಂದರೆ ಪುಸ್ತಕ ಎತ್ತಿಕೊಂಡು ಏಳಬೇಕು. ಹಬ್ಬದ ದಿನ ಊರಿನವರೆಲ್ಲ ಮನೆಮಂದಿಯೊಂದಿಗೆ ಕುಳಿತು ಉಣ್ಣುವಾಗ, ಈ ಮನೆಯವರು ಉಣ್ಣುವುದು ಎಲ್ಲರದೂ ಮುಗಿದು ಬಾಗಿಲು ಅರ್ಧ ಎಳೆದ ಮೇಲೆ. ನೂರಾರು ಜನರಿಗೆ ಅನ್ನ ಹಾಕುವ ಮನೆಯಲ್ಲಿ ಅಪ್ಪ, ಅಮ್ಮ, ಮಕ್ಕಳು ಒಟ್ಟಿಗೆ ಕೂತು ಊಟ ಮಾಡುವುದು ಅಪರೂಪ. ಈ ಮಕ್ಕಳು ತೆರುವ ಮೊದಲ ಬೆಲೆ ಇದು.

ಇನ್ನು ಅವರು ಪಡೆಯುವುದೇನು ನೋಡಿ. ಮೊದಲನೆಯದು ಭಾಷೆ. ಒಳಗೆ ಅಡುಗೆಮನೆಯಲ್ಲಿ ತುಳು ಅಥವಾ ಕುಂದಾಪುರ ಕನ್ನಡ: 'ಎಂತ ಬೇಕ್?' ಹೊರಗೆ ಮೇಜಿನ ಬಳಿ ಹಾವೇರಿಯ ಕನ್ನಡ: 'ಏನ್ ಬೇಕ್ರೀ ಯಜಮಾನ್ರ?' ಶಾಲೆಯಲ್ಲಿ ಪಠ್ಯಪುಸ್ತಕದ ಕನ್ನಡ. ಇವುಗಳ ನಡುವೆ ಹತ್ತು ಹೆಜ್ಜೆಗಳಷ್ಟು ದೂರ. ಬಾಗಿಲು ದಾಟುವಷ್ಟರಲ್ಲಿ ಮಾತು ಬದಲಾಗಬೇಕು. ಒಂದೇ ಪದಕ್ಕೆ ಎರಡು ಅರ್ಥಗಳಿರುವುದು ನಿಘಂಟು ನೋಡದೆಯೇ ಈ ಮಗುವಿಗೆ ತಿಳಿಯುತ್ತದೆ. ಕರಾವಳಿಯಲ್ಲಿ 'ಪುಂಡಿ' ಎಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ. ಹಾವೇರಿಯಲ್ಲಿ 'ಪುಂಡಿ' ಹುಳಿಯ ಸೊಪ್ಪು, ಪುಂಡಿಪಲ್ಯವಾಗಿ ರೊಟ್ಟಿಯ ಪಕ್ಕ ಕೂರುವಂಥದು. ಅಲ್ಲಿ 'ಒಗ್ಗರಣೆ' ಎಂದರೆ ಸಾಸಿವೆ ಸಿಡಿಸಿ ಹುಳಿಗೆ ಹಾಕುವುದು. ಇಲ್ಲಿ 'ಒಗ್ಗರಣಿ' ಎಂದರೆ ಮಂಡಕ್ಕಿಯ ಒಂದು ಪೂರ್ಣ ತಿಂಡಿ. ಭಾಷಾಶಾಸ್ತ್ರದ ಮೊದಲ ಪಾಠ ಅಡುಗೆಮನೆಯ ಹೊಸ್ತಿಲ ಮೇಲೆಯೇ ಆಗುತ್ತದೆ.

ಎರಡನೆಯದು ಲೆಕ್ಕ ಮತ್ತು ವಿಜ್ಞಾನ. ನಾಲ್ಕು ಮೇಜುಗಳ ಬಿಲ್ಲನ್ನು ತಲೆಯಲ್ಲಿಯೇ ಕೂಡಿ ಚಿಲ್ಲರೆ ಕೊಡುವುದು ಒಂದು ಲೆಕ್ಕ. ನಾಳೆ ಎಷ್ಟು ಉದ್ದು ನೆನೆಸಬೇಕು ಎಂಬುದು ಇನ್ನೂ ಕಠಿಣವಾದ ಲೆಕ್ಕ. ಹೆಚ್ಚಾದರೆ ನಷ್ಟ, ಕಡಿಮೆಯಾದರೆ ಬಂದ ಗಿರಾಕಿ ಎದುರಿನ ಹೋಟೆಲಿಗೆ ನಡೆಯುತ್ತಾನೆ. ಚಳಿಗಾಲದಲ್ಲಿ ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿಯ ಚೀಲಗಳು ಬರತೊಡಗಿದರೆ ದೂರದ ಜಿಲ್ಲೆಗಳಿಂದ, ನೆರೆಯ ರಾಜ್ಯಗಳಿಂದ ರೈತರೂ ಲಾರಿಗಳೂ ಬರುತ್ತವೆ. ಆ ದಿನಗಳಲ್ಲಿ ಹಿಟ್ಟು ಹೆಚ್ಚು ಬೇಕು. ಆದರೆ ಅದೇ ಚಳಿಗೆ ಹಿಟ್ಟು ಬೇಗ ಹುಳಿಬರುವುದಿಲ್ಲ. ಉದ್ದು-ಅಕ್ಕಿಯ ಹಿಟ್ಟನ್ನು ಉಬ್ಬಿಸುವವು ಅದರಲ್ಲಿಯೇ ಇರುವ ಸೂಕ್ಷ್ಮಜೀವಿಗಳು. ಅವು ಇಂಗಾಲದ ಡೈಆಕ್ಸೈಡ್ ಹೊರಬಿಡುವುದರಿಂದ ಹಿಟ್ಟು ಏಳುತ್ತದೆ. ತಂಪಾದರೆ ಅವುಗಳ ಕೆಲಸ ನಿಧಾನವಾಗುತ್ತದೆ. ಕಡಲ ತೀರದ ಬೆಚ್ಚನೆಯ ಹವೆಯಲ್ಲಿ ಪಳಗಿದ ಕೈ, ಘಟ್ಟದ ಮೇಲೆ ಬಂದು ಹಿಟ್ಟಿನ ಪಾತ್ರೆಯನ್ನು ಒಲೆಯ ಬದಿಗೆ ಸರಿಸಲು ಕಲಿಯಿತು. ಮಗು ಅದನ್ನು ನೋಡಿ ಕಲಿಯಿತು.

ಮೂರನೆಯದು ಮನುಷ್ಯರ ಪರಿಚಯ. ಇಲ್ಲಿ ಒಂದು ಕಹಿ ಸತ್ಯವನ್ನೂ ಹೇಳಬೇಕು. ಹಿಂದಿನ ಕಾಲದ ಅನೇಕ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಪ್ರತ್ಯೇಕ ಜಾಗವಿತ್ತು. ದಲಿತರಿಗೆ ಒಳಗೆ ಪ್ರವೇಶವಿರಲಿಲ್ಲ, ಕೆಲವೆಡೆ ಲೋಟವೇ ಬೇರೆ ಇತ್ತು. ನಮ್ಮ ಸಂವಿಧಾನವನ್ನು ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲುಗಳನ್ನು ಹೆಸರಿಸಿಯೇ, ಜಾತಿಯ ಕಾರಣಕ್ಕೆ ಯಾರನ್ನೂ ಅಲ್ಲಿಂದ ತಡೆಯಕೂಡದು ಎಂದು ಹೇಳಲಾಗಿದೆ. 1955ರಲ್ಲಿ ಅಸ್ಪೃಶ್ಯತೆಯ ಆಚರಣೆ ಶಿಕ್ಷಾರ್ಹ ಅಪರಾಧವಾಯಿತು. ಒಂದೇ ಮೇಜಿನ ಎದುರುಬದುರು ಯಾರು ಬೇಕಾದರೂ ಕೂತು ಒಂದೇ ಬಗೆಯ ತಟ್ಟೆಯಲ್ಲಿ ತಿನ್ನುವುದು ನಿಮಗೆ ಸಹಜವಾಗಿ ಕಾಣುತ್ತದೆ. ಅದು ಹೋರಾಡಿ ಗಳಿಸಿದ ಸಹಜತೆ. ಬ್ಯಾಡಗಿಯ ಬಳಿಯ ಕಾಗಿನೆಲೆಯನ್ನು ತನ್ನ ಹೆಸರಿನೊಂದಿಗೆ ಬೆಸೆದುಕೊಂಡ ಕನಕದಾಸರು ಈ ನೆಲದಿಂದ ಉಡುಪಿಗೆ ಹೋದರೆಂದೂ, ಅಲ್ಲಿ ಒಳಗೆ ಬಿಡದಿದ್ದಾಗ ಗೋಡೆಯ ಕಿಂಡಿಯಿಂದ ಕೃಷ್ಣನ ದರ್ಶನವಾಯಿತೆಂದೂ ಐತಿಹ್ಯ ಹೇಳುತ್ತದೆ. ಶತಮಾನಗಳ ನಂತರ ಅದೇ ಉಡುಪಿಯ ಹೆಸರು ಹೊತ್ತವರು ಕನಕದಾಸರ ನೆಲಕ್ಕೆ ಬಂದು, ಎಲ್ಲರಿಗೂ ಬಾಗಿಲು ತೆರೆದರೆ ಮಾತ್ರ ಬದುಕು ಎಂಬುದನ್ನು ಕಲಿತರು. ಹೋಟೆಲ್ ಮನೆಯ ಮಕ್ಕಳಿಗೆ ಈ ಪಾಠ ಹುಟ್ಟಿದಂದಿನಿಂದಲೇ ಆಗುತ್ತದೆ.

ನಾಲ್ಕನೆಯದು ಎರಡು ಊರು. ಬೇಸಿಗೆಯ ರಜೆಯಲ್ಲಿ ಘಟ್ಟ ಇಳಿದು ಅಜ್ಜಿಯ ಮನೆಗೆ ಹೋದರೆ, ಯಕ್ಷಗಾನ ನೋಡಲು ಬಂದ ಓರಗೆಯ ಮಕ್ಕಳು 'ಘಟ್ಟದವರು ಬಂದರು' ಎನ್ನುತ್ತಾರೆ. ಹಾವೇರಿಗೆ ಮರಳಿದರೆ ತರಗತಿಯಲ್ಲಿ 'ಉಡುಪಿ ಹೋಟೆಲ್‌ನವರ ಹುಡುಗ' ಎನ್ನುತ್ತಾರೆ. ಅವನ ಅಜ್ಜ ಉಡುಪಿಯಲ್ಲಿ ಒಂದು ರಾತ್ರಿಯೂ ಕಳೆದಿರಲಿಕ್ಕಿಲ್ಲ. ಕುಂದಾಪುರದ ಒಳಗಿನ ಹಳ್ಳಿಯವನಿರಬಹುದು. ಆದರೆ ಫಲಕದ ಮೇಲೆ ಉಡುಪಿ ಎಂದಿದ್ದರೆ ಗಿರಾಕಿಗೆ ಅರ್ಥವಾಗುತ್ತದೆ. ಹಾಗೆಯೇ ಮನೆಯಲ್ಲಿ ಇವರು ಇಷ್ಟಪಟ್ಟು ಉಣ್ಣುವ ಕುಚ್ಚಲಕ್ಕಿಯ ಗಂಜಿ, ತಂಬುಳಿ, ಪತ್ರೊಡೆಗಳು ಹೋಟೆಲಿನ ಪಟ್ಟಿಯಲ್ಲಿ ಇರುವುದಿಲ್ಲ. ಮಾರುವ ಅಡುಗೆ ಬೇರೆ, ಉಣ್ಣುವ ಅಡುಗೆ ಬೇರೆ. ಜಗತ್ತಿನ ಬೇರೆಡೆಯಲ್ಲಿಯೂ ಹೀಗೆಯೇ. ಬ್ರಿಟನ್ನಿನಲ್ಲಿ 'ಇಂಡಿಯನ್' ಎಂದು ಫಲಕ ಹಾಕಿಕೊಂಡ ಹೋಟೆಲುಗಳಲ್ಲಿ ಬಹಳಷ್ಟನ್ನು ನಡೆಸಿಕೊಂಡು ಬಂದವರು ಬಾಂಗ್ಲಾದೇಶದ ಸಿಲ್ಹೆಟ್ ಪ್ರದೇಶದ ಕುಟುಂಬಗಳು. ಅವರ ಮಕ್ಕಳೂ ಮೂಲೆಯ ಮೇಜಿನಲ್ಲಿ ಕುಳಿತೇ ಮನೆಪಾಠ ಬರೆದವರು.

ಮಿತ್ರರೇ, ಇಲ್ಲಿಯವರೆಗೆ ಹೇಳಿದ್ದು ಹೋಟೆಲ್ ಮಾಲೀಕರ ಮಕ್ಕಳ ಕತೆ. ಅದೇ ಹೋಟೆಲಿನಲ್ಲಿ, ಅದೇ ವಯಸ್ಸಿನ ಇನ್ನೊಂದು ಮಗು ಇತ್ತು. ಅದನ್ನು ಮರೆತರೆ ನಮ್ಮ ಮಾತು ಅರ್ಧವಾಗುತ್ತದೆ.

'ಮಾಣಿ' ಎಂಬ ಪದ ನಿಮಗೆ ಗೊತ್ತು. ಕುಂದಾಪುರದ ಕಡೆ ಮನೆಯಲ್ಲಿ 'ಮಾಣಿ' ಎಂದರೆ ಹುಡುಗ. ತಾಯಿ ಮಗನನ್ನು ಮುದ್ದಿನಿಂದ ಕರೆಯುವ ಮಾತು. ಅದೇ ಪದ ಹೋಟೆಲಿನೊಳಗೆ ಬಂದು ತಿಂಡಿ ತಂದಿಡುವ, ಮೇಜು ಒರೆಸುವ ಹುಡುಗನ ಹೆಸರಾಯಿತು. ಊರಿನಿಂದ ಬಡ ನೆಂಟರ ಮಗನೋ ನೆರೆಮನೆಯವರ ಮಗನೋ 'ಹೊಟ್ಟೆಗಾದರೂ ಸಿಗುತ್ತದೆ' ಎಂದು ಬಸ್ಸು ಹತ್ತಿಸಲ್ಪಟ್ಟು ಬರುತ್ತಿದ್ದ. ಹತ್ತು ಹನ್ನೆರಡರ ವಯಸ್ಸು. ಬೆಳಗ್ಗೆ ಹತ್ತು ಗಂಟೆಗೆ ಒಬ್ಬ ಮಾಣಿ ಪಾಟಿಚೀಲ ಹೆಗಲಿಗೇರಿಸಿ ಶಾಲೆಗೆ ಹೊರಡುತ್ತಿದ್ದ. ಇನ್ನೊಬ್ಬ ಮಾಣಿ ಎಂಜಲು ಲೋಟಗಳ ಬುಟ್ಟಿ ಎತ್ತಿಕೊಂಡು ಹಿತ್ತಲಿಗೆ ಹೋಗುತ್ತಿದ್ದ. ಇಬ್ಬರೂ ಒಂದೇ ಕಡೆಯವರು, ಇಬ್ಬರ ಮಾತೂ ಒಂದೇ, ಇಬ್ಬರನ್ನೂ ಕರೆಯುವ ಪದವೂ ಒಂದೇ. ಆ ಪದದ ಎರಡು ಅರ್ಥಗಳ ನಡುವೆ ಎರಡು ಬಾಲ್ಯಗಳಿದ್ದವು.

ಆ ಹುಡುಗರಲ್ಲಿ ಕೆಲವರು ಮೇಲೆ ಬಂದರು. ಮುಂಬಯಿಯ ಹೋಟೆಲುಗಳಲ್ಲಿ ಹಗಲೆಲ್ಲ ದುಡಿದ ಕನ್ನಡ ಹುಡುಗರಿಗಾಗಿ ಅಲ್ಲಿಯ ಕನ್ನಡ ಸಂಘಗಳು ರಾತ್ರಿಶಾಲೆಗಳನ್ನು ನಡೆಸಿದವು. ಅಲ್ಲಿ ಓದಿದವರು ಗುಮಾಸ್ತರಾದರು, ವಕೀಲರಾದರು, ಸ್ವಂತ ಹೋಟೆಲು ಇಟ್ಟರು. ಅವರ ಛಲ ದೊಡ್ಡದು. ಆದರೆ ದಿನವಿಡೀ ನಿಂತು ದುಡಿದ ಮಗು ರಾತ್ರಿ ತೂಕಡಿಸುತ್ತಾ ಓದಬೇಕಾಗಿ ಬಂದದ್ದು ಮೆಚ್ಚಿಕೊಳ್ಳುವ ವ್ಯವಸ್ಥೆಯಲ್ಲ. ಸಣ್ಣ ಪೇಟೆಗಳಲ್ಲಿ ಎಷ್ಟೋ ಹುಡುಗರಿಗೆ ಅಂಥ ರಾತ್ರಿಶಾಲೆಯೂ ಇರಲಿಲ್ಲ. 'ನಾವೂ ಹಾಗೆಯೇ ಬಂದವರು' ಎಂದು ಹಿರಿಯ ಹೋಟೆಲಿಗರು ಹೇಳುವುದುಂಟು. ಅದು ನಿಜ. ತಾನು ನಡೆದ ಮುಳ್ಳಿನ ದಾರಿಯಲ್ಲಿಯೇ ಮುಂದಿನವನೂ ನಡೆಯಬೇಕು ಎಂಬುದಕ್ಕೆ ಅದು ಕಾರಣವಾಗಲಾರದು.

ಕಾನೂನು ಬಹಳ ನಿಧಾನವಾಗಿ ಬಂತು. 1986ರಲ್ಲಿ ಬಾಲಕಾರ್ಮಿಕ ಕಾಯಿದೆಯಾದಾಗ ಹೋಟೆಲಿನ ಕೆಲಸ ನಿಷೇಧಿತ ಪಟ್ಟಿಯಲ್ಲಿರಲಿಲ್ಲ. ಇಪ್ಪತ್ತು ವರ್ಷಗಳ ನಂತರ, 2006ರ ಅಕ್ಟೋಬರ್ 10ರಿಂದ, ಹೋಟೆಲು, ಢಾಬಾ, ಚಹಾದಂಗಡಿಗಳಲ್ಲಿ 14 ವರ್ಷದೊಳಗಿನವರನ್ನು ದುಡಿಸಿಕೊಳ್ಳುವುದು ನಿಷಿದ್ಧವಾಯಿತು. 2010ರ ಏಪ್ರಿಲ್ 1ರಿಂದ 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣ ಹಕ್ಕಾಯಿತು. 2016ರ ತಿದ್ದುಪಡಿ ಇನ್ನೊಂದು ಗೆರೆ ಎಳೆಯಿತು: 14 ವರ್ಷದೊಳಗಿನ ಮಗುವನ್ನು ಯಾವ ಉದ್ಯೋಗದಲ್ಲಿಯೂ ದುಡಿಸುವಂತಿಲ್ಲ, ಆದರೆ ತನ್ನ ಕುಟುಂಬದ ವೃತ್ತಿಯಲ್ಲಿ, ಅದೂ ಶಾಲೆಯ ಸಮಯ ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮಗು ನೆರವಾಗಬಹುದು.

ಹಾಗಾದರೆ ಹೋಟೆಲ್ ಮನೆಯ ಮಗು ಗಲ್ಲಾದಲ್ಲಿ ಒಂದು ಗಂಟೆ ಕೂತರೆ ಅದು ವಿದ್ಯೆಯೋ, ದುಡಿಮೆಯೋ? ಕಾನೂನಿನ ಮಾತು ಮರೆತುಹೋದರೂ ಒಂದು ಸರಳ ಪರೀಕ್ಷೆಯನ್ನು ನೆನಪಿಟ್ಟುಕೊಳ್ಳಿ. ಶಾಲೆಯ ಗಂಟೆ ಹೊಡೆದಾಗ ಆ ಮಗು ಕೈತೊಳೆದುಕೊಂಡು ಎದ್ದು ಹೋಗಬಹುದೆ? ಹೋಗಬಹುದಾದರೆ ಅದು ಕಲಿಕೆ. ಭಾಷೆ, ಲೆಕ್ಕ, ಮನುಷ್ಯರ ಪರಿಚಯ ಎಂದು ನಾನು ಮೇಲೆ ಹೇಳಿದ್ದೆಲ್ಲವೂ ಆ ಮಗುವಿನ ಆಸ್ತಿ. ಹೋಗಲಾಗದಿದ್ದರೆ, ಅದು ಮಾಲೀಕರ ಮಗುವೇ ಆಗಿದ್ದರೂ, ಅದರ ಬಾಲ್ಯವನ್ನು ಯಾರೋ ಖರ್ಚು ಮಾಡುತ್ತಿದ್ದಾರೆ ಎಂದೇ ಅರ್ಥ. ಹೆಣ್ಣುಮಕ್ಕಳ ವಿಷಯದಲ್ಲಿ ಈ ಪರೀಕ್ಷೆಯನ್ನು ಇನ್ನಷ್ಟು ಎಚ್ಚರದಿಂದ ಮಾಡಬೇಕು. ಗಲ್ಲಾದ ಕೆಲಸ ಎಲ್ಲರಿಗೂ ಕಾಣುತ್ತದೆ. ಒಳಗೆ ತಾಯಿಯ ಪಕ್ಕದಲ್ಲಿ ಕುಳಿತು ಈರುಳ್ಳಿ ಸುಲಿಯುವ ಮಗಳ ಕೆಲಸ ಯಾರಿಗೂ ಕಾಣುವುದಿಲ್ಲ.

ಇಂದು ಹೋಟೆಲುಗಳು ಬದಲಾಗುತ್ತಿವೆ. ರುಬ್ಬುವ ಕಲ್ಲಿನ ಜಾಗದಲ್ಲಿ ಗ್ರೈಂಡರ್ ಇದೆ. ಸೌದೆಯ ಒಲೆಯ ಜಾಗದಲ್ಲಿ ಗ್ಯಾಸ್ ಇದೆ. ಹೋಟೆಲಿಗರ ಮಕ್ಕಳಲ್ಲಿ ಅನೇಕರು ಎಂಜಿನಿಯರುಗಳಾಗಿ, ವೈದ್ಯರಾಗಿ ಬೆಂಗಳೂರು ಸೇರಿದ್ದಾರೆ. ಕರಾವಳಿಯಿಂದ ಕೆಲಸಕ್ಕೆ ಬರುವವರು ಕಡಿಮೆಯಾಗಿದ್ದಾರೆ. ಈಗ ಕಾವಲಿಯ ಮೇಲೆ ದೋಸೆ ಹುಯ್ಯುವ ಕೈ ಒಡಿಶಾದ್ದೋ ಅಸ್ಸಾಮಿನದೋ ನೇಪಾಳದ್ದೋ ಆಗಿರಬಹುದು. ಆ ತರುಣ 'ಏನ್ ಬೇಕ್ರೀ' ಎಂದು ಕೇಳಲು ಕಲಿಯುತ್ತಿದ್ದಾನೆ, ಎಂಬತ್ತು ವರ್ಷಗಳ ಹಿಂದೆ ಕುಂದಾಪುರದ ಹುಡುಗ ಕಲಿತ ಹಾಗೆಯೇ. ಅವನ ಸಂಸಾರ ಇಲ್ಲಿಗೆ ಬಂದಿದ್ದರೆ ಅವನ ಮಕ್ಕಳೂ ನಿಮ್ಮ ಊರಿನ ಶಾಲೆಗೆ ಬರಬೇಕು. ಅವರಿಗೆ ಕನ್ನಡ ಬಾರದೆಂದು ನಗುವ ಬದಲು, ಪಕ್ಕದಲ್ಲಿ ಜಾಗ ಕೊಡುವವರು ನೀವಾಗಬೇಕು.

ನಿಮ್ಮಲ್ಲಿ ಯಾರಾದರೂ ಹೋಟೆಲ್ ಮನೆಯವರಿದ್ದರೆ, ನಿಮ್ಮ ಅಂಗಿಗೆ ಹತ್ತಿದ ಒಗ್ಗರಣೆಯ ವಾಸನೆಗೆ ನಾಚಬೇಡಿ. ನಿಮ್ಮ ಅಜ್ಜ, ಅಜ್ಜಿಯರ ಬಳಿ ಕುಳಿತು, ಯಾವ ವರ್ಷ ಬಂದಿರಿ, ಯಾವ ದಾರಿಯಲ್ಲಿ ಬಂದಿರಿ, ಮೊದಲ ದಿನ ಏನು ಮಾರಿದಿರಿ ಎಂದು ಕೇಳಿ ಬರೆದಿಡಿ. ಇದು ಯಾವ ಪುಸ್ತಕದಲ್ಲಿಯೂ ಇಲ್ಲದ ನಿಮ್ಮ ಜಿಲ್ಲೆಯ ಇತಿಹಾಸ. ಅವರ ಜೊತೆ ದುಡಿದ ಹುಡುಗರ ಹೆಸರುಗಳನ್ನೂ ಕೇಳಿ ಬರೆದುಕೊಳ್ಳಿ. ಉಳಿದವರು ಮುಂದಿನ ಸಲ ಹೋಟೆಲಿಗೆ ಹೋದಾಗ ತಟ್ಟೆ ತಂದಿಟ್ಟವರ ಮುಖ ನೋಡಿ, ಊರು ಯಾವುದೆಂದು ಕೇಳಿ. ಶಾಲೆಯ ಹೊತ್ತಿನಲ್ಲಿ ಅಲ್ಲಿ ಲೋಟ ತೊಳೆಯುತ್ತಿರುವವರು ನಿಮಗಿಂತ ಚಿಕ್ಕವರೆಂದು ಕಂಡರೆ, ನಿಮ್ಮ ಶಿಕ್ಷಕರಿಗೆ ತಿಳಿಸಿ. ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಆ ಕರೆಗೆ ಹಣ ಬೇಕಿಲ್ಲ.